ಎಣ್ಣೆ ಕುಡಿದರೆ ನರದ ಹೊದಿಕೆ ಬೆಳೆಯುವುದಿಲ್ಲ

ಮಾನ್ಯರೇ,

ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ, ನರದ ಹೊದಿಕೆ ಹಾಳಾಗುವ ರೋಗ ಇದ್ದವರು ಖಾಲಿ ಹೊಟ್ಟೆಗೆ ತೆಂಗಿನೆಣ್ಣೆಯೋ ತುಪ್ಪವೋ ಕುಡಿದರೆ ನರದ ಹೊದಿಕೆ ಮತ್ತೆ ಬೆಳೆಯುತ್ತದಂತೆ. ನಮ್ಮ ಬದಿಯಡ್ಕ, ಪೆರ್ಲ ಕಡೆ ವಾಟ್ಸಾಪಿನಲ್ಲಿ ಈ ಮಾತು ಜೋರಾಗಿ ಓಡಾಡುತ್ತಿದೆ. ಮೆದುಳೆಂದರೆ ಕೊಬ್ಬು, ಕೊಬ್ಬಿಗೆ ಕೊಬ್ಬೇ ಮದ್ದು. ಕೇಳಲಿಕ್ಕೆ ಸರಿಯೇ ಅನ್ನಿಸುತ್ತದೆ, ಅಲ್ವಾ?

ಅರ್ಧ ನಿಜ. ನರತಂತುವನ್ನು ಸುತ್ತಿರುವ ಮಯಲಿನ್ ಎಂಬ ಹೊದಿಕೆಯಲ್ಲಿ ನೀರಿನಂಶ ಬಿಟ್ಟರೆ ಶೇ 70ರಿಂದ 80 ಕೊಬ್ಬೇ. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ 2 ಮಾತ್ರ, ಆದರೆ ಇಡೀ ದೇಹದ ಕೊಲೆಸ್ಟರಾಲಿನಲ್ಲಿ ಸುಮಾರು ಐದನೇ ಒಂದು ಪಾಲು ಅಲ್ಲೇ ಇದೆ. ಆದರೆ ಅದು ಊಟದ ಬಟ್ಟಲಿನಿಂದ ಹೋದದ್ದಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ. ರಕ್ತದ ಕೊಲೆಸ್ಟರಾಲ್ ಅದನ್ನು ದಾಟುವುದಿಲ್ಲ. ಬೇಕಾದ್ದನ್ನು ಮೆದುಳಿನ ಜೀವಕೋಶಗಳೇ ತಯಾರಿಸಿಕೊಳ್ಳುತ್ತವೆ.

ಈ ರೋಗ ಬರುವುದು ಕೊಬ್ಬು ಸಾಲದೆ ಅಲ್ಲ. ದೇಹದ ರಕ್ಷಣಾ ಪಡೆಯೇ ಆ ಹೊದಿಕೆಯ ಮೇಲೆ ಬೀಳುತ್ತದೆ. ಹರಿದ ಚೂರುಗಳನ್ನು ಕೆಲವು ಕೋಶಗಳು ನುಂಗಿ, ಅದರ ಕೊಬ್ಬನ್ನು ತಮ್ಮೊಳಗೆ ಹನಿ ಹನಿಯಾಗಿ ತುಂಬಿಸಿಕೊಳ್ಳುತ್ತವೆ. ಕೊಡುವ ಮದ್ದು ಆ ದಾಳಿಯನ್ನು ತಗ್ಗಿಸಲಿಕ್ಕೆ. ಎಣ್ಣೆಗೆ ಆ ಕೆಲಸ ಬರುವುದಿಲ್ಲ.

ಹಾಗಾದರೆ ಜನ ಯಾಕೆ ನಂಬುತ್ತಾರೆ? ತುಂಬಾ ಮಂದಿಯಲ್ಲಿ ಈ ರೋಗ ಬಂದು ಹೋಗಿ ಮಾಡುತ್ತದೆ. ಒಂದಷ್ಟು ದಿನ ಕಾಲು ಮರಗಟ್ಟಿ, ಆಮೇಲೆ ತಾನಾಗಿಯೇ ಸಡಿಲವಾಗುತ್ತದೆ. ನಮ್ಮ ನೆರೆಮನೆಯ ಅಕ್ಕನಿಗೆ ಹಂಡೆಯ ಬಿಸಿನೀರಲ್ಲಿ ಮಿಂದು ಬಂದ ಕೂಡಲೇ ಕಣ್ಣು ಮಂಜಾಗುತ್ತದೆ, ಮೈ ತಣಿದ ಮೇಲೆ ಸರಿಯಾಗುತ್ತದೆ. ಹೊದಿಕೆ ಸವೆದ ನರ ಸ್ವಲ್ಪ ಬಿಸಿಯನ್ನೂ ತಾಳುವುದಿಲ್ಲ, ಅಷ್ಟೇ. ಆದರೆ ಮನೆಯವರು ಅದನ್ನೂ ಎಣ್ಣೆಯ ಲೆಕ್ಕಕ್ಕೆ ಹಾಕಿ, ಇಂಜೆಕ್ಷನ್ ನಿಲ್ಲಿಸಿಬಿಟ್ಟರು! ಎಣ್ಣೆ ಕುಡಿದದ್ದಕ್ಕಿಂತ ನನಗೆ ಹೆದರಿಕೆ ಅದರದ್ದು.

ಅವರನ್ನು ಬೈದು ಏನು ಬಂತು? ಮಂಗಳೂರಿಗೆ ಹೋಗಿ ಬಂದರೆ ಕೈಯಲ್ಲಿ ಇಂಗ್ಲಿಷ್ ಕಾಗದ, ಇಲ್ಲಿ ಕೇಳಿದರೆ ಮಲಯಾಳ ಕಾಗದ. ಕನ್ನಡ ಮಾತ್ರ ಓದುವವರಿಗೆ ವಾಟ್ಸಾಪೇ ಗತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವೂ ಇದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಿಲ್ಲೆಯ ಆರೋಗ್ಯ ಇಲಾಖೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಅಚ್ಚು ಹಾಕಿಸಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಡಲಿ. ಅಲ್ಲಿಯವರೆಗೆ ನೀವಾದರೂ ಒಬ್ಬ ನರರೋಗ ತಜ್ಞರಿಂದ ಇದನ್ನು ಬರೆಸಿ.

– ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು