ಆಲೂಗಡ್ಡೆ ಲಾರಿಯಲ್ಲಿ ಒಂದು ಹೆಣ

ಪುಟ್ಟಿ,

ನಿನ್ನ ಮೆಸೇಜು ರಾತ್ರಿ ಹನ್ನೊಂದೂವರೆಗೆ ಬಂತು. ಲಂಡನ್ನಿನಲ್ಲಿ ಇನ್ನೂ ಸಂಜೆ ಇರಬೇಕು. 'ಅಪ್ಪ, ಕ್ಲಾಸಲ್ಲಿ ಹಿಚ್‌ಕಾಕ್‌ನ ಫ್ರೆಂಜಿ ಸಿನಿಮಾ ತೋರಿಸಿದರು. ಆಲೂಗಡ್ಡೆ ಲಾರಿ ಸೀನಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಹುಡುಗಿ ತಿರುಗಿ ನೋಡಿದಳು. ಸತ್ತವಳ ಕಾಲು ನೋಡಿ ನಗೋದಾ ನಾನು? ಥೂ ಅನ್ನಿಸ್ತು' ಅಂತ ಬರೆದಿದ್ದೀಯ. ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಒಂದೇ ಬೆರಳಲ್ಲಿ ಟೈಪ್ ಮಾಡುವ ನನಗೆ ಅದು ಮುಗಿಯುವ ಕೆಲಸವಲ್ಲ. ಅದಕ್ಕೇ ಕಾಗದ. 'ಇಷ್ಟುದ್ದ ಓದ್ತಾಳಾ ಅವಳು' ಅಂತ ನಿಮ್ಮಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಾಳೆ. ಓದು.

ಆ ಸೀನಿಗೆ ನಾನೂ ನಕ್ಕಿದ್ದೇನೆ. ನೀನು ನಗುವುದಕ್ಕಿಂತ ಮುಂಚೆಯೇ ನಕ್ಕಿರುತ್ತೇನೆ, ಬೇಕಾದರೆ ಪಂದ್ಯ. ಮೂವತ್ತು ವರ್ಷ ಹಾಸನದಲ್ಲಿ ಆಲೂಗಡ್ಡೆ ಮಂಡಿ ನಡೆಸಿದವನ ಕಣ್ಣು ಬೇರೆ ಕಣಮ್ಮ. ರಸ್ಕ್ ಅನ್ನೋ ಆ ಕೊಲೆಗಾರ ಹಣ್ಣು ತರಕಾರಿ ಹೋಲ್‌ಸೇಲ್ ವ್ಯಾಪಾರಿ. ನಮ್ಮ ಕಸುಬಿನವನೇ ಅನ್ನು. ಕೊಂದವಳನ್ನು ಮೂಟೆಯಲ್ಲಿ ತುಂಬಿ, ಅರ್ಧರಾತ್ರಿ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು, ಆಲೂಗಡ್ಡೆ ಲಾರಿಗೆ ಏರಿಸಿ ಕೈ ಕೊಡವಿಕೊಂಡು ಮನೆಗೆ ಹೋಗುತ್ತಾನೆ. ಆಮೇಲೆ ನೋಡಿದರೆ ಟೈ ಪಿನ್ನು ಇಲ್ಲ. ಅದರ ಮೇಲೆ ಅವನ ಹೆಸರಿನ ಮೊದಲ ಅಕ್ಷರ ಇದೆ. ಸಾಯುವಾಗ ಅವಳು ಅದನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾಳೆ. ಓಡಿ ಬಂದು ಲಾರಿ ಹತ್ತುತ್ತಾನೆ. ಹತ್ತಿದ್ದೇ ತಡ, ಲಾರಿ ಹೊರಡುತ್ತೆ.

ಅಲ್ಲಿಂದ ಶುರು ನೋಡು. ದಿನಾ ನೂರಾರು ಮೂಟೆ ನೋಡುವ ವ್ಯಾಪಾರಿಗೆ ಒಂದು ಮೂಟೆಯ ಕೈಯಲ್ಲಿ ಸಾಕುಬೇಕಾಗುತ್ತೆ. ನನಗೆ ನಗು ಬಂದಿದ್ದು ಅಲ್ಲಿ. ಓಡುವ ಲಾರಿಯಲ್ಲಿ ಬಾಯಿ ಬಿಚ್ಚಿದ ಮೂಟೆಯ ಮುಂದೆ ಕೂತರೆ ಏನಾಗುತ್ತೆ ಅಂತ ನಮ್ಮ ಹಮಾಲಿಗಳನ್ನು ಕೇಳು. ಆಲೂಗಡ್ಡೆ ಉರುಳುರುಳಿ ಕಾಲಡಿಗೆ ಬರುತ್ತೆ, ರಸ್ತೆಗೆ ಬೀಳುತ್ತೆ. ಹೆಣದ ಕಾಲು ಅವನ ಮುಖಕ್ಕೇ ಒದ್ದ ಹಾಗೆ ಬಂದು ಬಡಿಯುತ್ತೆ. ಹೆಣ ಸೆಟೆದುಕೊಂಡಿದೆ, ಬೆರಳು ಬಿಚ್ಚುವುದಿಲ್ಲ. ಸಣ್ಣ ಚಾಕು ತೆಗೆದರೆ ಅದರ ಅಲಗು ಮುರಿಯುತ್ತೆ. ಕೊನೆಗೆ ಬೆರಳುಗಳನ್ನೇ ಒಂದೊಂದಾಗಿ ಮುರಿಯುತ್ತಾನೆ. ಆ ಸದ್ದು ಕೇಳಿಸಿತಲ್ಲ, ಆಗ ನಿನ್ನ ನಗು ನಿಂತಿರಬೇಕು. ನನ್ನದೂ ನಿಂತಿತು.

ಈಗ ನಿಜ ಹೇಳು. ಆ ಹೊತ್ತಿನಲ್ಲಿ ನೀನು ಯಾರ ಕಡೆ ಇದ್ದೆ? ಸತ್ತವಳು ಬ್ಯಾಬ್ಸ್, ಇಡೀ ಸಿನಿಮಾದಲ್ಲಿ ನಮಗೆ ಇಷ್ಟವಾಗುವ ಒಬ್ಬಳೇ ಹುಡುಗಿ. ಆದರೂ ಒಳಗೆ 'ಬೇಗ ಹುಡುಕೋ ಮಾರಾಯ, ಸಿಕ್ಕಿಬೀಳ್ತೀಯ' ಅಂತಲೇ ಇತ್ತು ಅಲ್ವಾ? ನನಗಂತೂ ಹಾಗೇ ಇತ್ತು. ಹಿಚ್‌ಕಾಕ್‌ನ 'ಸೈಕೋ'ದಲ್ಲೂ ಇದೇ ಆಟ. ಮೈಸೂರಿನಲ್ಲಿ ಓದುವಾಗ ಫಿಲ್ಮ್ ಸೊಸೈಟಿಯವರು ತೋರಿಸಿದ್ದರು. ಅದರಲ್ಲಿ ನಾರ್ಮನ್ ಅನ್ನೋವನು ಹೆಣವಿದ್ದ ಕಾರನ್ನು ಜೌಗಿಗೆ ತಳ್ಳುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ಅರ್ಧಕ್ಕೆ ನಿಲ್ಲುತ್ತೆ. ಏನನ್ನೋ ಮೆಲ್ಲುತ್ತಿದ್ದ ಅವನ ಬಾಯಿ ನಿಲ್ಲುತ್ತೆ. ಹಾಲಿನಲ್ಲಿದ್ದವರೆಲ್ಲ ಉಸಿರು ಹಿಡಿದರು. ಮತ್ತೆ ಗುಳುಗುಳು ಅಂತ ಕಾರು ಮುಳುಗಿದಾಗ 'ಅಬ್ಬಾ' ಅಂದಿದ್ದು ನನ್ನ ಪಕ್ಕದ ಸೀಟಿನ ಇತಿಹಾಸದ ಮೇಷ್ಟ್ರು. ಮಾರನೇ ದಿನ ಕ್ಲಾಸಿನಲ್ಲಿ ಅವರ ಮುಖ ನೋಡಿದರೆ ನಗು ತಡೆಯೋಕೆ ಆಗುತ್ತಿರಲಿಲ್ಲ.

ಹಾಗಾಗಿ ನಿನ್ನ ನಗು ಏನೋ ಕೈತಪ್ಪಿ ಬಂದಿದ್ದಲ್ಲ. ಅದನ್ನು ತರಿಸಲೆಂದೇ ಹಿಚ್‌ಕಾಕ್ ಕೂತು ಲೆಕ್ಕ ಹಾಕಿದ್ದಾನೆ. ನಕ್ಕ ಮೇಲೆ ಬಂದ ಆ 'ಥೂ' ಕೂಡ ಅವನ ಲೆಕ್ಕದಲ್ಲೇ ಇದೆ.

ಅಲ್ಲಿನ ಲೇಟನ್‌ಸ್ಟೋನ್ ಸ್ಟೇಷನ್ನಿನಲ್ಲಿರುವ ಅವನ ಸಿನಿಮಾಗಳ ಮೊಸಾಯಿಕ್ ಚಿತ್ರಗಳ ಫೋಟೊ ಕಳಿಸಿದ್ದೆಯಲ್ಲ ಹೋದ ತಿಂಗಳು, ಅದನ್ನು ದೊಡ್ಡದು ಮಾಡಿ ನೋಡಿದೆ. ಅವನು 1899ರಲ್ಲಿ ಹುಟ್ಟಿದ್ದು ಅದೇ ಬಡಾವಣೆಯಲ್ಲಿ. ಅಪ್ಪನದು ತರಕಾರಿ ಅಂಗಡಿ, ಕೋಳಿ ವ್ಯಾಪಾರ ಬೇರೆ. ಆ ಮನೆ ಇದ್ದ ಜಾಗದಲ್ಲಿ ಈಗ ಪೆಟ್ರೋಲ್ ಬಂಕ್ ಇದೆಯಂತೆ. ಅದನ್ನು ಕೇಳಿದ್ದರೆ ಅವನೇ ಮೊದಲು ನಗುತ್ತಿದ್ದ. ಹುಡುಗನಾಗಿದ್ದಾಗ ಅಪ್ಪ ಒಂದು ಚೀಟಿ ಕೊಟ್ಟು ಪೊಲೀಸ್ ಸ್ಟೇಷನ್ನಿಗೆ ಕಳಿಸಿದನಂತೆ. ಚೀಟಿ ಓದಿದ ಪೊಲೀಸಿನವನು ಇವನನ್ನು ಕೆಲವು ನಿಮಿಷ ಲಾಕಪ್ಪಿನಲ್ಲಿ ಕೂಡಿಹಾಕಿ, 'ತುಂಟ ಹುಡುಗರಿಗೆ ನಾವು ಮಾಡೋದು ಹೀಗೆ' ಅಂದನಂತೆ. ಜೀವನವಿಡೀ ಅವನೇ ಹೇಳಿಕೊಂಡು ಬಂದ ಕಥೆ ಇದು. ಎಷ್ಟು ಉಪ್ಪುಖಾರ ಬೆರೆಸಿದ್ದಾನೋ. ನಾನು ನಿನ್ನನ್ನು ಮಂಡಿಯ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಿದ್ದೆನೇ ಹೊರತು ಸ್ಟೇಷನ್ನಿಗೆ ಕಳಿಸಲಿಲ್ಲ. ಅದಕ್ಕೇ ನೀನು ಇನ್ನೂ ದೊಡ್ಡ ಡೈರೆಕ್ಟರ್ ಆಗಿಲ್ಲವೋ ಏನೋ.

ಅಮೆರಿಕಕ್ಕೆ ಹೋಗಿ ಅಷ್ಟು ಹೆಸರು ಮಾಡಿದವನು ಎಪ್ಪತ್ತು ದಾಟಿದ ಮೇಲೆ 'ಫ್ರೆಂಜಿ' ತೆಗೆಯೋಕೆ ಲಂಡನ್ನಿಗೆ ವಾಪಸ್ ಬಂದ. ಬಂದಿದ್ದು ಎಲ್ಲಿಗೆ? ಕೋವೆಂಟ್ ಗಾರ್ಡನ್ನಿನ ತರಕಾರಿ ಮಾರ್ಕೆಟ್ಟಿಗೆ. ಸಿನಿಮಾ ಬಂದಿದ್ದು 1972ರಲ್ಲಿ, 1974ರಲ್ಲಿ ಆ ಮಾರ್ಕೆಟ್ಟನ್ನೇ ಅಲ್ಲಿಂದ ಎತ್ತಿಬಿಟ್ಟರು. ನೀನು ಅಲ್ಲಿ ಕಾಫಿ ಕುಡಿಯುತ್ತಾ ತೆಗೆಸಿಕೊಂಡ ಫೋಟೊದಲ್ಲಿ ಒಂದು ಎಲೆಕೋಸೂ ಕಾಣಲಿಲ್ಲ. ಸಿನಿಮಾದಲ್ಲಿ ಇಡೀ ಮಾರ್ಕೆಟ್ಟಿದೆ. ಕೈಗಾಡಿ, ಪೆಟ್ಟಿಗೆ, ಕೂಗಾಟ, ತಲೆ ಮೇಲೆ ಮೂಟೆ. ಎರಡನೇ ಕೊಲೆ ಜ್ಞಾಪಿಸಿಕೋ. ಬ್ಯಾಬ್ಸ್‌ಳನ್ನು ರಸ್ಕ್ ಮೇಲೆ ತನ್ನ ರೂಮಿಗೆ ಕರೆದುಕೊಂಡು ಹೋಗುತ್ತಾನೆ, ಬಾಗಿಲು ಮುಚ್ಚುತ್ತೆ. ಕ್ಯಾಮೆರಾ ಒಳಗೆ ಹೋಗುವುದಿಲ್ಲ. ಸುಮ್ನೆ ಹಿಂದಕ್ಕೆ ಹಿಂದಕ್ಕೆ ಮೆಟ್ಟಿಲಿಳಿದು ಬೀದಿಗೆ ಬರುತ್ತೆ. ಹೊಸ್ತಿಲಲ್ಲಿ ಮೂಟೆ ಹೊತ್ತ ಒಬ್ಬ ಅಡ್ಡ ಹಾಯುತ್ತಾನೆ. ಸ್ಟುಡಿಯೊದ ಶಾಟನ್ನೂ ಬೀದಿಯ ಶಾಟನ್ನೂ ಅಂಟಿಸಿದ ಗುರುತು ಆ ಮೂಟೆಯ ಹಿಂದೆ ಅಡಗಿದೆ. ಆಮೇಲೆ ಬರೀ ಸಂತೆಯ ಗದ್ದಲ. ಮೇಲೆ ಒಬ್ಬಳು ಸಾಯುತ್ತಿದ್ದಾಳೆ, ಕೆಳಗೆ ವ್ಯಾಪಾರ ನಡೆಯುತ್ತಿದೆ. ಅದನ್ನು ನೋಡಿ ನನಗೆ ನಗು ಬರಲಿಲ್ಲ, ಆದರೆ ಆವತ್ತು ರಾತ್ರಿ ನಿದ್ದೆಯೂ ಬರಲಿಲ್ಲ. ನಮ್ಮ ಮಂಡಿಯ ಮೇಲೂ ಬಾಡಿಗೆ ರೂಮುಗಳಿದ್ದವು. ಹರಾಜಿನ ಗಲಾಟೆಯಲ್ಲಿ ಅಲ್ಲಿಂದ ಯಾರಾದರೂ ಕೂಗಿದ್ದರೆ ನನಗೆ ಕೇಳಿಸುತ್ತಿತ್ತಾ?

ನಿಮ್ಮ ಮೇಷ್ಟ್ರು ವ್ಯಂಗ್ಯ ಬೇರೆ, ಸಾವುನೋವಿನಲ್ಲೂ ನಗಿಸುವ ಡಾರ್ಕ್ ಹ್ಯೂಮರ್ ಬೇರೆ ಅಂತ ಬೋರ್ಡಿನ ಮೇಲೆ ಗೆರೆ ಎಳೆದರು ಅಂದೆಯಲ್ಲ. ಎಳೆಯಲಿ, ಅವರ ಸಂಬಳ ಅದಕ್ಕೇ. ಈ ಸಿನಿಮಾದ ಮೊದಲ ಐದು ನಿಮಿಷಕ್ಕೆ ಆ ಗೆರೆ ನಿಲ್ಲಲ್ಲ. ಥೇಮ್ಸ್ ದಂಡೆಯಲ್ಲಿ ದೊಡ್ಡ ಮನುಷ್ಯನೊಬ್ಬ ಭಾಷಣ ಮಾಡುತ್ತಿದ್ದಾನೆ, ಇನ್ನು ಮುಂದೆ ನದಿಯಲ್ಲಿ ಕೊಳಕು ತೇಲುವುದಿಲ್ಲ ಅಂತ. ಅಷ್ಟರಲ್ಲಿ ಹೆಣ ತೇಲಿ ಬರುತ್ತೆ, ಕುತ್ತಿಗೆಗೆ ಟೈ ಬಿಗಿದಿದೆ. ಇಷ್ಟು ವ್ಯಂಗ್ಯವನ್ನು ಯಾರು ಬೇಕಾದರೂ ಬರೆದಾರು. ಹೆಣ ನೋಡಿದ ಆ ದೊಡ್ಡ ಮನುಷ್ಯನ ಚಿಂತೆ ಕೇಳು. ಅದು ನಮ್ಮ ಕ್ಲಬ್ಬಿನ ಟೈ ಅಲ್ಲ ತಾನೇ! ಮುಂದೆ ಬಾರಿನಲ್ಲಿ ಇಬ್ಬರು ಸಭ್ಯಸ್ಥರು ಇಂಥ ಸರಣಿ ಕೊಲೆಗಳಿಂದ ಟೂರಿಸ್ಟ್ ವ್ಯಾಪಾರಕ್ಕೆ ಎಷ್ಟು ಅನುಕೂಲ ಅಂತ ಮಾತಾಡಿಕೊಳ್ಳುತ್ತಾರೆ. ಕೊಲೆಗಾರ ಒಬ್ಬ, ಸರಿ. ಈ ಮಾತಾಡುವವರು ಊರು ತುಂಬ ಇದ್ದಾರೆ.

ನಿಮ್ಮಮ್ಮ ಈ ಸಿನಿಮಾವನ್ನು ಪೂರ್ತಿ ನೋಡಲಿಲ್ಲ. ಮೊದಲ ಕೊಲೆಗೇ ಎದ್ದು ಹೋದಳು. ಎದ್ದಿದ್ದೇ ಸರಿ. ಅಲ್ಲಿ ನಗುವಿಗೆ ಜಾಗ ಇಲ್ಲ, ಅಷ್ಟು ತೋರಿಸಬೇಕಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ. ಆದರೆ ಇನ್ಸ್‌ಪೆಕ್ಟರ್ ಮನೆಯ ಊಟದ ಸೀನುಗಳಿಗೆ ಮಾತ್ರ ಕರೆದು ಕೂರಿಸಿದೆ. ಪಾಪದ ಮನುಷ್ಯ. ಹೆಂಡತಿ ಫ್ರೆಂಚ್ ಅಡುಗೆ ಕ್ಲಾಸಿಗೆ ಸೇರಿದ್ದಾಳೆ. ಮೀನಿನ ತಲೆ ತೇಲುವ ಸೂಪು, ತಟ್ಟೆಗೆ ಒಂದು ಹಿಡಿ ಹಕ್ಕಿ, ಹಂದಿ ಕಾಲು. ಅವಳು ಒಳಗೆ ಹೋದ ತಕ್ಷಣ ಸೂಪನ್ನು ವಾಪಸ್ ಪಾತ್ರೆಗೆ ಸುರಿಯುತ್ತಾನೆ. ಆಫೀಸಿನಲ್ಲಿ ಮಾತ್ರ ಹೊಟ್ಟೆ ತುಂಬ ತಿಂಡಿ. ಹೆಣದ ಬೆರಳು ಮುರಿದಿದ್ದರ ಬಗ್ಗೆ ಅವನು ಹೇಳುತ್ತಿದ್ದಾನೆ, ಅವಳ ಕೈಯಲ್ಲಿ ಗರಿಗರಿ ಬ್ರೆಡ್ ಕಡ್ಡಿ. ಲಟಕ್. ನಿಮ್ಮಮ್ಮ ಕೋಡುಬಳೆ ಮುರಿಯುತ್ತಿದ್ದವಳು ಹಾಗೇ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ಆಮೇಲೆ, 'ಎಲ್ಲರಿಗಿಂತ ಮೊದಲು ನಿಜ ಕಂಡುಹಿಡಿದಿದ್ದು ಆ ಹೆಂಗಸೇ ಅಲ್ವಾ, ಅಡುಗೆ ಕೆಟ್ಟದಾಗಿದ್ದರೇನಂತೆ' ಅಂದಳು. ಹೌದು, ತಪ್ಪು ಮನುಷ್ಯನನ್ನು ಹಿಡಿದಿದ್ದೀರಿ ಅಂತ ಅವಳು ಊಟದ ಮೇಜಿನಲ್ಲೇ ಹೇಳುತ್ತಿರುತ್ತಾಳೆ.

ಊಟ ಮತ್ತು ಹೆಣ, ಎರಡನ್ನೂ ಒಂದೇ ಮೇಜಿಗೆ ತರುವ ಚಾಳಿ ಹಿಚ್‌ಕಾಕ್‌ಗೆ ಮೊದಲಿನಿಂದಲೂ ಇತ್ತು. 1948ರ 'ರೋಪ್' ನೋಡಿಲ್ಲ ಅಂದೆ. ನೋಡು. ಇಬ್ಬರು ಹುಡುಗರು ಗೆಳೆಯನನ್ನು ಹಗ್ಗದಿಂದ ಬಿಗಿದು ಕೊಂದು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಅದರ ಮೇಲೇ ಬಟ್ಟೆ ಹಾಸಿ ಊಟ ಬಡಿಸುತ್ತಾರೆ. ಊಟಕ್ಕೆ ಬಂದವರಲ್ಲಿ ಸತ್ತವನ ಅಪ್ಪನೂ ಇದ್ದಾನೆ. ಅವನಿಗೆ ಕೊಟ್ಟ ಹಳೇ ಪುಸ್ತಕಗಳನ್ನು ಕಟ್ಟಿದ್ದು ಅದೇ ಹಗ್ಗದಿಂದ. ಒಂದು ಜಾಗ ಮಾತ್ರ ಕಣ್ಣು ಮಿಟುಕಿಸದೆ ನೋಡು. ಎಲ್ಲರೂ ಆಚೆ ನಿಂತು 'ಹುಡುಗ ಯಾಕೆ ಇನ್ನೂ ಬಂದಿಲ್ಲ' ಅಂತ ಮಾತಾಡುತ್ತಿರುತ್ತಾರೆ. ಕ್ಯಾಮೆರಾ ಅವರನ್ನು ಬಿಟ್ಟು ಪೆಟ್ಟಿಗೆಯನ್ನೇ ನೋಡುತ್ತಾ ನಿಂತಿದೆ. ಕೆಲಸದಾಕೆ ಒಂದೊಂದೇ ತಟ್ಟೆ ತೆಗೆದು ಒಳಗೆ ಇಟ್ಟು ಬರುತ್ತಾಳೆ, ಮೇಣದಬತ್ತಿ ತೆಗೆಯುತ್ತಾಳೆ, ಬಟ್ಟೆ ತೆಗೆಯುತ್ತಾಳೆ, ಪುಸ್ತಕ ತರುತ್ತಾಳೆ. ಇನ್ನೇನು ಮುಚ್ಚಳ ಎತ್ತಬೇಕು. ಅವಳಿಗೆ ಮನೆ ಚೊಕ್ಕಟವಾದರೆ ಸಾಕು. ಇಲ್ಲಿ ನಮಗೆ ಕುರ್ಚಿಯಲ್ಲಿ ಕೂರೋಕೆ ಆಗಲ್ಲ.

'ಶ್ಯಾಡೋ ಆಫ್ ಎ ಡೌಟ್' 1943ರದ್ದು. ಅದರಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ, ಪಕ್ಕದ ಮನೆಯವನೊಬ್ಬ. ಇಬ್ಬರಿಗೂ ಪತ್ತೇದಾರಿ ಕಥೆಗಳ ಹುಚ್ಚು. ಸಿಕ್ಕದ ಹಾಗೆ ನಿನ್ನನ್ನು ಹೇಗೆ ಕೊಲ್ಲಬಹುದು ಅಂತ ದಿನಾ ಚರ್ಚೆ. ಒಂದು ಸಲ ಪಕ್ಕದ ಮನೆಯವನು, ನಿನ್ನ ಕಾಫಿಗೆ ಸೋಡಾ ಹಾಕಿದ್ದೆ, ನಿನಗೆ ಗೊತ್ತೇ ಆಗಲಿಲ್ಲ, ವಿಷ ಆಗಿದ್ದರೆ ಏನು ಗತಿ ಅಂತಾನೆ. ನಿಜವಾದ ಕೊಲೆಗಾರ ಅದೇ ಮನೆಯಲ್ಲಿ ನೆಂಟನಾಗಿ ಬಂದು ಕೂತಿದ್ದಾನೆ. ಗುಮಾಸ್ತನ ಸ್ವಂತ ಭಾವಮೈದ! ಕೊನೆಗೆ ಅವನು ಸತ್ತಾಗ ಇಡೀ ಊರು ಎಂಥ ಒಳ್ಳೆಯ ಮನುಷ್ಯ ಅಂತ ಹೂವು ಹಾಕುತ್ತೆ.

ಇಷ್ಟೆಲ್ಲ ಹೊಗಳಿದೆ ಅಂತ ಹಿಚ್‌ಕಾಕ್‌ನನ್ನು ದೇವರಮನೆಯಲ್ಲಿ ಇಡಬೇಡ. 'ದಿ ಬರ್ಡ್ಸ್' ತೆಗೆಯುವಾಗ ನಟಿ ಟಿಪ್ಪಿ ಹೆಡ್ರೆನ್‌ಗೆ ಯಂತ್ರದ ಹಕ್ಕಿ ಬಳಸುತ್ತೇವೆ ಅಂತ ನಂಬಿಸಿ, ದಿನಗಟ್ಟಲೆ ನಿಜವಾದ ಹಕ್ಕಿಗಳನ್ನೇ ಮೈಮೇಲೆ ಎಸೆಸಿದ. ಆತ ಕೊಟ್ಟ ಲೈಂಗಿಕ ಕಿರುಕುಳದ ಬಗ್ಗೆ ಆಕೆ 2016ರಲ್ಲಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಓದಿದ ಮೇಲೆ ಅವನ ಕೆಲವು ಜೋಕುಗಳು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಪರದೆಯ ಮೇಲಿನ ಹೆಣಕ್ಕೆ ನೋವಾಗಲ್ಲ ಪುಟ್ಟಿ, ಸೆಟ್ಟಿನಲ್ಲಿದ್ದ ಹೆಂಗಸಿಗೆ ಆಯ್ತು. ಮುಂದೆ ನೀನೇ ಸೆಟ್ಟಿನಲ್ಲಿ ನಿಂತಾಗ ಇದು ನೆನಪಿರಲಿ.

ಇನ್ನು ನಿನ್ನ 'ಥೂ' ವಿಷಯ. ಇದನ್ನು ಹೇಳೋಕೇ ಕಾಗದ ಶುರು ಮಾಡಿದ್ದು, ಸಿನಿಮಾದಲ್ಲೇ ಸುತ್ತುತ್ತಿದ್ದೇನೆ.

ನಿನ್ನ ತಾತ ಹೋದ ದಿನ ನಿನಗೆ ಒಂಬತ್ತು ವರ್ಷ. ಆಸ್ಪತ್ರೆಯ ಗಾಡಿ ಕೆಟ್ಟು ನಿಂತಿತ್ತು, ಇನ್ನೊಂದು ಬರೋಕೆ ಮೂರು ಗಂಟೆ ಅಂದರು. ಕಾಯೋದು ಬೇಡ ಅಂತ ಮಂಡಿಯ ಟೆಂಪೋವನ್ನೇ ತರಿಸಿದೆ. ಹಿಂದೆ ಚಾಪೆ ಹಾಸಿ ಮಲಗಿಸಿದೆವು. ಮೂಲೆಯಲ್ಲಿ ಎರಡು ಮೂಟೆ ಆಲೂಗಡ್ಡೆ ಇಳಿಸದೆ ಹಾಗೇ ಇದ್ದವು. ನಾನು, ನೀನು, ನಿನ್ನ ಸೋದರತ್ತೆ, ದೊಡ್ಡಮ್ಮ ಹಿಂದೆಯೇ ಕೂತೆವು. ಊರಿನ ದಾರಿಯಲ್ಲಿ ಜಾತ್ರೆಯ ಟ್ರಾಫಿಕ್ಕು, ಗಾಡಿಗಳು ಸಾಲಾಗಿ ನಿಂತುಬಿಟ್ಟಿದ್ದವು. ಪೊಲೀಸಿನವನೊಬ್ಬ ನಮ್ಮ ಟೆಂಪೋದ ಮುಂದಿನ ಬೋರ್ಡು ನೋಡಿ, ಸೀಟಿ ಊದಿ, ಉಳಿದ ಗಾಡಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ನಮ್ಮನ್ನು ಮುಂದೆ ಬಿಟ್ಟ. 'ಹೆಣ ಇದೆ ಅಂತ ಅವರಿಗೆ ಹೆಂಗೆ ಗೊತ್ತಾಯ್ತೋ ಪುಣ್ಯಾತ್ಮರಿಗೆ' ಅಂತ ದೊಡ್ಡಮ್ಮ ಕೈ ಮುಗಿದರು. ನೀನು, 'ಇಲ್ಲ ದೊಡ್ಡಜ್ಜಿ, ಮುಂದೆ ತರಕಾರಿ ಅರ್ಜೆಂಟ್ ಅಂತ ಬರೆದೈತೆ' ಅಂದೆ. ಅಂದು ಕಿಸಕ್ಕನೆ ನಕ್ಕೆ. ಜೀವಮಾನದಲ್ಲಿ ಒಂದು ದಿನ ಅವಸರ ಮಾಡಿದ ಮನುಷ್ಯನಲ್ಲ ನಿನ್ನ ತಾತ. ಅತ್ತೆ ನಿನ್ನ ತೊಡೆ ಚಿವುಟಿದಳು, ನೀನು ಅತ್ತುಬಿಟ್ಟೆ.

ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಮೊಣಕಾಲಿಗೆ ತಲೆ ಕೊಟ್ಟುಬಿಟ್ಟೆ. ಭುಜ ಕುಲುಕುತ್ತಿತ್ತು. 'ಅಳಬೇಡ ಕಣೋ, ತುಂಬು ಬಾಳು ಬಾಳಿದಾರೆ' ಅಂತ ದೊಡ್ಡಮ್ಮ ಊರು ಬರುವ ತನಕ ಬೆನ್ನು ಸವರಿದರು. ಆವತ್ತು ರಾತ್ರಿ ನೀನು ಪಕ್ಕದಲ್ಲಿ ಬಂದು ಮಲಗಿ, 'ಅಪ್ಪ, ನೀನು ಅಳ್ತಿದ್ದಿದ್ದು ನಾನು ನಕ್ಕಿದ್ದಕ್ಕಾ?' ಅಂತ ಕೇಳಿದೆ. ಇಲ್ಲ ಮಗಳೇ, ತಾತ ಹೋದರಲ್ಲ ಅದಕ್ಕೆ, ಅಂದಿದ್ದೆ.

ಆ ಬೋರ್ಡು ಈಗಲೂ ಗೋಡೌನಿನಲ್ಲಿದೆ. ಬಣ್ಣ ಸ್ವಲ್ಪ ಹೋಗಿದೆ. ನಿನ್ನ ಅತ್ತೆಗೆ ಹೇಳಬೇಡ.

ಇತಿ,
ಅಪ್ಪ