ಬಾಡಿಗೆಗೆ ಬಿಡಲು ಮನೆ ಕೊಳ್ಳುವ ಗೆಳೆಯನಿಗೊಂದು ಪತ್ರ

ಗೆಳೆಯಾ,

ಮನೆ ಕೊಂಡು ಬಾಡಿಗೆಗೆ ಬಿಡುತ್ತೇನೆ, ಬಾಡಿಗೆಯಲ್ಲೇ ಸಾಲದ ಕಂತು ತೀರುತ್ತದೆ ಎಂದು ಬರೆದಿದ್ದೀಯ. ನೀನು ಕಳಿಸಿದ ಲೆಕ್ಕದಲ್ಲಿ ತಿಂಗಳ ಬಾಡಿಗೆಯನ್ನು 12ರಿಂದ ಗುಣಿಸಿರುವುದು ನೋಡಿ ಇದನ್ನು ಬರೆಯುತ್ತಿದ್ದೇನೆ. 11ರಿಂದ ಗುಣಿಸು. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಬಣ್ಣ, ರಿಪೇರಿ, ಮನೆ ನೋಡಲು ಬರುವವರ ಓಡಾಟ ಎಂದು ಒಂದು ತಿಂಗಳು ಸುಲಭವಾಗಿ ಹೋಗುತ್ತದೆ. ಆ ಒಂದೇ ತಿಂಗಳು ವರ್ಷದ ಆದಾಯದಲ್ಲಿ 8.3% ಕಡಿತ.

ಲೆಕ್ಕ ಹೀಗೆ ಹಾಕು. ಮನೆಯ ಬೆಲೆ, ನೋಂದಣಿ, ಮೊದಲ ರಿಪೇರಿ ಎಲ್ಲ ಸೇರಿ 100 ಪಾಲು ಅಂದುಕೋ. ವರ್ಷದ ಬಾಡಿಗೆ 6 ಪಾಲು. ಒಂದು ತಿಂಗಳು ಖಾಲಿ ಇದ್ದರೆ 5.5. ದುರಸ್ತಿಗೆಂದು ವರ್ಷಕ್ಕೆ 1 ಪಾಲು ಎತ್ತಿಡು. ಒಂದು ವರ್ಷ ಏನೂ ಖರ್ಚಾಗದೇ ಇರಬಹುದು, ಆದರೆ ಮರುವರ್ಷ ಪೈಪು, ಪಂಪು, ತಾರಸಿ ಒಟ್ಟಿಗೇ ಕೈಕೊಡಬಹುದು. ತೆರಿಗೆ, ವಿಮೆ, ಕಟ್ಟಡದ ನಿರ್ವಹಣಾ ಶುಲ್ಕಕ್ಕೆ 0.6 ತೆಗೆದರೆ ಕೈಗೆ ಉಳಿಯುವುದು 3.9. ಬಡ್ಡಿ ದರ 8% ಇದ್ದು ನೀನು 70 ಪಾಲು ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೇ 5.6. ಅಸಲಿನ ಮಾತು ಬಿಡು, ಬಡ್ಡಿಗೇ 1.7 ಪಾಲು ನಿನ್ನ ಸಂಬಳದಿಂದ ಹೋಗುತ್ತದೆ. ಈ ಮನೆಯ ಬಾಡಿಗೆ ಹೊರಬಲ್ಲದ್ದು ಹೆಚ್ಚೆಂದರೆ 48 ಪಾಲಿನ ಸಾಲದ ಬಡ್ಡಿಯನ್ನು. ನಿನ್ನ ಅಂಕಿಗಳು ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಮನೆಯ ಬೆಲೆ ಮುಂದೆ ಏರುತ್ತದೆಂಬ ಆಸೆಯನ್ನು ಇದರಲ್ಲಿ ಸೇರಿಸಬೇಡ.

ಇದೇ ಕಾರಣಕ್ಕೆ, ಬಾಡಿಗೆ ಏರಿಸುವಾಗಲೂ ಖಾಲಿ ತಿಂಗಳನ್ನು ನೆನಪಿಡು. 5% ಏರಿಸಿದ್ದಕ್ಕೆ ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುತ್ತಿದ್ದವರು ಬಿಟ್ಟುಹೋದರೆ, ಒಂದು ತಿಂಗಳ ನಷ್ಟ ತುಂಬಲು ಆ ಹೆಚ್ಚುವರಿ ಹಣ 20 ತಿಂಗಳು ಬರಬೇಕು. ಬಣ್ಣದ ಖರ್ಚು ಬೇರೆ. ಒಳ್ಳೆಯ ಬಾಡಿಗೆದಾರರಿಗೆ ಮಾರುಕಟ್ಟೆಗಿಂತ ತುಸು ಕಡಿಮೆಗೆ ಕೊಡುವುದು ಧಾರಾಳವೇನಲ್ಲ, ಸರಿಯಾದ ವ್ಯವಹಾರ.

ಇನ್ನು ನೀರು. ಬಾಡಿಗೆ ಮನೆಯನ್ನು ಹಾಳುಮಾಡುವುದರಲ್ಲಿ ನೀರಿನಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ಆ ಮನೆಯಲ್ಲಿ ನೀನೇ ವಾಸವಿದ್ದರೆ ಮೊದಲ ಕಲೆ ಕಂಡಾಗಲೇ ಪ್ಲಂಬರನ್ನು ಕರೆಯುತ್ತಿದ್ದೆ. ಬಾಡಿಗೆಗೆ ಬಿಟ್ಟಾಗ ಸುದ್ದಿ ನಿನಗೆ ತಲುಪುವಷ್ಟರಲ್ಲಿ ಗಾರೆ ಉದುರುತ್ತಿರುತ್ತದೆ.

ಕೊಳ್ಳುವ ಮುಂಚೆಯೇ ಪರೀಕ್ಷೆ ಮಾಡು. ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದುಕೋ, ಯಾರೂ ನೀರು ಮುಟ್ಟದೆ 2 ಗಂಟೆ ಬಿಟ್ಟು ಮತ್ತೆ ನೋಡು. ಅಂಕಿ ಬದಲಾಗಿದ್ದರೆ ಎಲ್ಲೋ ಸೋರುತ್ತಿದೆ. ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲಿರಲಿ. ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ, ಫ್ಲಶ್ ಮಾಡದೆ 10 ನಿಮಿಷ ಕಾಯಿ. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಸವೆದಿದೆ. ಇದು ಸದ್ದಿಲ್ಲದೆ ಹಗಲೂ ರಾತ್ರಿ ಸೋರುವ ಜಾಗ, ರಿಪೇರಿ ಮಾತ್ರ ಬಹಳ ಅಗ್ಗ.

ಬಚ್ಚಲಿನ ಕೆಳಗಿನ ಛಾವಣಿಯಲ್ಲಿ ಕಲೆ ಇದ್ದರೆ, ಅದು ಯಾವಾಗ ಹೆಚ್ಚುತ್ತದೆಂದು ಕೆಳಮನೆಯವರನ್ನು ಕೇಳು. ನೀರು ಬಳಸಲಿ ಬಿಡಲಿ, ಸದಾ ಹಸಿಯಾಗಿದ್ದರೆ ತಪ್ಪು ಒತ್ತಡದಲ್ಲಿರುವ ನೀರು ಸರಬರಾಜಿನ ಪೈಪಿನದು. ಸ್ನಾನದ ನಂತರ ಮಾತ್ರ ಹೆಚ್ಚಿದರೆ ಹೊರಹೋಗುವ ಪೈಪು ಅಥವಾ ನೆಲದ್ದು. ಮಳೆಗೆ ಹೆಚ್ಚಿದರೆ ತಾರಸಿ, ಇಲ್ಲವೇ ಹೊರಗೋಡೆ. ಇಷ್ಟು ತಿಳಿದುಕೊಳ್ಳದೆ ಕೆಲಸದವರನ್ನು ಕರೆದರೆ ಒಡೆಯಬಾರದ ಕಡೆ ಟೈಲ್ಸ್ ಒಡೆಯುತ್ತಾರೆ.

ನೆಲದ ಮೇಲೇ ಅನುಮಾನವಿದ್ದರೆ, ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ, ಹೊಸ್ತಿಲು ದಾಟದಂತೆ 2.5 ಸೆಂಟಿಮೀಟರ್ ನೀರು ನಿಲ್ಲಿಸು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಮಟ್ಟ ಗುರುತಿಸಿ 24 ಗಂಟೆ ಬಿಡು. ಕೆಳಗೆ ಹಸಿ ಕಾಣದೆ ಮಟ್ಟ ಮಾತ್ರ ಇಳಿದಿದ್ದರೆ ಮುಚ್ಚಳವೇ ಸೋರಿರಬಹುದು, ಇನ್ನೊಮ್ಮೆ ಮಾಡು. ಕೆಳಗೆ ಹಸಿಯಾದರೆ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ಮೆತ್ತಿ ಕೈತೊಳೆದುಕೊಳ್ಳಬೇಡ. ನೀರು ತಡೆಯಬೇಕಾದ ಪದರ ಇರುವುದು ಟೈಲ್ಸಿನ ಕೆಳಗೆ. ಅದು ಹೆಚ್ಚಾಗಿ ಬಿಟ್ಟುಕೊಳ್ಳುವುದು ಪೈಪು ನೆಲಕ್ಕೆ ಸೇರುವ ಕಡೆ ಮತ್ತು ನೆಲ ಗೋಡೆಯನ್ನು ಮುಟ್ಟುವ ಮೂಲೆಯಲ್ಲಿ.

ಗೋಡೆಯ ತೇವಕ್ಕೆ ಬೇರೆ ಪರೀಕ್ಷೆ. ಗೋಡೆಯ ಮೇಲ್ಮೈ ಒರೆಸಿ, ಒಂದು ಅಡಿ ಚೌಕದ ಅಲ್ಯೂಮಿನಿಯಂ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸು, ಎರಡು ದಿನ ಬಿಡು. ಹಾಳೆಯ ಕೋಣೆ ಕಡೆಯ ಮುಖ ಹಸಿಯಾದರೆ ಗಾಳಿಯ ತೇವ ತಣ್ಣನೆ ಗೋಡೆಗೆ ಕೂರುತ್ತಿದೆ, ಗಾಳಿ ಹೊರಹಾಕುವ ಫ್ಯಾನ್ ಸಾಕಾಗಬಹುದು. ಗೋಡೆ ಕಡೆಯ ಮುಖ ಹಸಿಯಾದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಅದರ ಮೂಲ ನಿಲ್ಲಿಸದೆ ಬಳಿದ ಬಣ್ಣವನ್ನು ಹಿಂದಿನ ನೀರು, ಉಪ್ಪು ದೂಡಿ ಉಬ್ಬಿಸುತ್ತವೆ. ಮಾರುವವರು ಒಂದೇ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರೆ ಆ ಗೋಡೆಯನ್ನೇ ಮುಟ್ಟಿ ನೋಡು.

ಬಾಡಿಗೆದಾರರ ಆಯ್ಕೆಗೆ ಎರಡೇ ಮಾತು. ಬಾಡಿಗೆ ಅವರ ಆದಾಯದ ಮೂರನೇ ಒಂದು ಭಾಗದೊಳಗೆ ಇರಲಿ, ಮತ್ತು ಈಗಿನ ಮನೆಮಾಲೀಕರಿಗಿಂತ ಅದಕ್ಕೂ ಹಿಂದೆ ಅವರಿದ್ದ ಮನೆಯ ಮಾಲೀಕರನ್ನು ವಿಚಾರಿಸು. ಈಗಿನವರಿಗೆ ಕಳಿಸಿಬಿಡುವ ಆತುರ ಇರಬಹುದು, ಹಿಂದಿನವರಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ಮುಂಗಡದ ಹಣ ನಿನ್ನದಲ್ಲ, ಬೇರೆ ಖಾತೆಯಲ್ಲಿಡು. ಅದನ್ನು ಖರ್ಚು ಮಾಡಿಕೊಂಡವರೇ ಹಿಂದಿರುಗಿಸುವ ದಿನ ಗೋಡೆಯ ಗೀರು ಎಣಿಸಲು ನಿಲ್ಲುವುದು. ಕೀಲಿ ಕೊಡುವ ದಿನ ಇಬ್ಬರೂ ಜೊತೆಗೆ ಮನೆ ಸುತ್ತಿ, ಸಿಂಕಿನ ಕೆಳಗೆ, ಕಪಾಟಿನೊಳಗೆ, ಛಾವಣಿಯ ಮೂಲೆಗಳಲ್ಲಿ ಫೋಟೋ ತೆಗೆಯಿರಿ. ನೀರು, ವಿದ್ಯುತ್ ಮೀಟರಿನ ಅಂಕಿ, ಎಷ್ಟು ಕೀಲಿ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿ. ಬಳಸಿ ಸವೆದದ್ದಕ್ಕೆ ಹಣ ಹಿಡಿಯಬಾರದು, ಹಾಳು ಮಾಡಿದ್ದಕ್ಕೂ ಪೂರ್ತಿ ಹಿಡಿಯುವುದು ನ್ಯಾಯವಲ್ಲ. 5 ವರ್ಷ ಬಾಳುವ ಬಣ್ಣಕ್ಕೆ 3 ವರ್ಷ ಆಗಿದ್ದರೆ, ಗೋಡೆ ಕೆಡಿಸಿದವರಿಂದ ಕೇಳಬಹುದಾದದ್ದು ಖರ್ಚಿನ ಐದರಲ್ಲಿ ಎರಡು ಪಾಲು. ಮುಂಗಡ ಎಷ್ಟು ಪಡೆಯಬಹುದು, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಎಂಬುದು ಊರೂರಿನ ಕಾನೂನಿನಂತೆ ಬೇರೆಯಾಗುತ್ತದೆ, ಕರಾರು ಬರೆಯುವ ಮುನ್ನ ವಕೀಲರಿಗೆ ತೋರಿಸು. ಬಾಡಿಗೆ ಬಾಕಿ ಇದೆಯೆಂದು ನೀರು, ಕರೆಂಟ್ ಕಡಿಯುವ ಕೆಲಸಕ್ಕೆ ಮಾತ್ರ ಎಂದೂ ಇಳಿಯಬೇಡ.

ಕೊನೆಯದು ಜೀವದ ವಿಷಯ. ಇದರಲ್ಲಿ ಉಳಿತಾಯ ನೋಡಬೇಡ. ಗ್ಯಾಸ್ ಗೀಸರ್ ಬಚ್ಚಲಿನೊಳಗೆ ಇದ್ದರೆ ಬಾಡಿಗೆದಾರರು ಬರುವ ಮುನ್ನವೇ ತೆಗೆಸು. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದೇ ಹೋಗಬಹುದು. ವಿದ್ಯುತ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ತಾನಾಗಿ ಬಿದ್ದು ವಿದ್ಯುತ್ ಕಡಿಯುವ ಸುರಕ್ಷತಾ ಸ್ವಿಚ್ ಹಾಕಿಸು. ಅದರ ಟೆಸ್ಟ್ ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಒತ್ತಿ ನೋಡಲು ಬಾಡಿಗೆದಾರರಿಗೂ ಹೇಳಿಕೊಡು, ಒತ್ತಿದಾಗ ಬೀಳದಿದ್ದರೆ ಅದೇ ದಿನ ಬದಲಿಸಬೇಕು.

ಮನೆ ನೋಡಲು ಹೋದಾಗ ಮೀಟರಿನ ಎರಡೂ ಅಂಕಿ, ಕಲೆಗಳ ಫೋಟೋ ಕಳಿಸು. 11ರ ಲೆಕ್ಕವನ್ನೂ ಹೊಸದಾಗಿ ಹಾಕಿ ಕಳಿಸು, ಸಹಿ ಮಾಡುವ ಮೊದಲು ಕೂತು ನೋಡೋಣ.

ನಿನ್ನ,
ಗೆಳೆಯ