ಅಬ್ಬೆಯ ಮಾತು ಊರಿಗೆ ಮರಳಲಿ

ಮಾನ್ಯ ಸಂಪಾದಕರೇ,

ಭಾಷಾ ಸಂಶೋಧನೆಯಿಂದ ಜನರಿಗೇನು ಲಾಭ ಎಂದು ಕೇಳುವವರಿಗೆ ನನ್ನ ತರಗತಿಯದೇ ಒಂದು ಸಂಗತಿ ಹೇಳುತ್ತೇನೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ‘ಅಕ್ಕ ಮನೆಗೆ ಬಂತು’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಮಗು ಇಡೀ ದಿನ ಬಾಯಿ ಬಿಡಲಿಲ್ಲ. ಅವಳ ಮನೆಮಾತಾದ ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ ‘ಬಂತು’ ಎನ್ನುವುದೇ ಕ್ರಮ. ಅದಕ್ಕೂ ತನ್ನದೇ ವ್ಯಾಕರಣವಿದೆ ಎಂದು ಮನವರಿಕೆಯಾದದ್ದು ಭಾಷಾವಿಜ್ಞಾನಿಗಳ ಬರಹ ಓದಿದ ಮೇಲೆ. ಮನೆಯಲ್ಲಿ ‘ನಾನು’ ಎನ್ನಲು ನಾವಾಡುವ ‘ಆನು’ ಹಳಗನ್ನಡದ ‘ಆನ್’ ಎಂಬುದೂ ಆಗಲೇ ತಿಳಿಯಿತು. ಆಮೇಲೆ ಯಾವ ಮಗುವಿನ ಮನೆಮಾತಿಗೂ ನಾನು ಗೀಟು ಎಳೆಯಲಿಲ್ಲ.

ಆದರೆ ಒಂದು ನೋವಿದೆ. ವರ್ಷಗಳ ಹಿಂದೆ ಸಂಶೋಧನಾ ವಿದ್ಯಾರ್ಥಿಯೊಬ್ಬರು ನಮ್ಮ ಜಗಲಿಯಲ್ಲಿ ಮೂರು ಮಧ್ಯಾಹ್ನ ಕೂತು, ಮೆಟ್ಟುಗತ್ತಿಯಲ್ಲಿ ಅಡಕೆ ಸುಲಿಯುತ್ತಿದ್ದ ನನ್ನ ಅಬ್ಬೆಯ ಮಾತನ್ನು ಧ್ವನಿಮುದ್ರಿಸಿಕೊಂಡರು. ಪ್ರತಿ ಕಳಿಸುತ್ತೇನೆಂದರು. ಬರಲಿಲ್ಲ. ಅಬ್ಬೆ ಈಗಿಲ್ಲ, ಆ ಧ್ವನಿ ಯಾವ ಕಪಾಟಿನಲ್ಲಿದೆಯೋ.

1988ರಿಂದ 1997ರವರೆಗೆ ಉಡುಪಿಯಲ್ಲಿ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಊರೂರಿನ ಜನರ ಬಾಯಿಮಾತಿನಿಂದ ಕಟ್ಟಿದ ಕೆಲಸ. ಕೊಟ್ಟವರ ಕೈಗೇ ಅದು ಪುಸ್ತಕವಾಗಿ ಮರಳಿತು. ಕಾಸರಗೋಡಿನ ಕನ್ನಡ, ತುಳು, ಕೊರಗ, ಮರಾಟಿ ಮಾತುಗಳ ಮೇಲೆ ಪದವಿ ಪಡೆಯುವವರೂ ಹಾಗೆ ಮಾಡಲಿ. ಧ್ವನಿಮುದ್ರಿಕೆಯ ಒಂದು ಪ್ರತಿ ಆ ಮನೆಗೆ, ಇನ್ನೊಂದು ಊರಿನ ಗ್ರಂಥಾಲಯಕ್ಕೆ ಕೊಡುವುದನ್ನು ವಿಶ್ವವಿದ್ಯಾಲಯಗಳು ಕಡ್ಡಾಯ ಮಾಡಲಿ. ಮನೆಮಾತಿಗೂ ತನ್ನದೇ ವ್ಯಾಕರಣವಿದೆ ಎಂಬ ವಿಷಯ ಶಿಕ್ಷಕರ ತರಬೇತಿಯಲ್ಲೂ ಬರಲಿ.

— ನಿವೃತ್ತ ಶಿಕ್ಷಕಿ, ಬದಿಯಡ್ಕ